ಮಗಳ ಸೀಟು, ನನ್ನ ಮಣಿಕಟ್ಟು

ಹೊಲಿಗೆಯವರು ಸುಳ್ಳು ಹೇಳುತ್ತಾರೆ ಎಂಬುದು ಊರಿನ ದೂರು. ನಿಜವೇ. 'ನಾಳೆ ಸಂಜೆ ಬನ್ನಿ, ಹುಕ್ ಹಚ್ಚೋದೊಂದು ಬಾಕಿ' ಎಂದು ನಾನು ಹೇಳಿ ಕಳಿಸಿದ ರವಿಕೆಗೆ ಇನ್ನೂ ಕತ್ತರಿಯೇ ತಾಗಿರುವುದಿಲ್ಲ. ರಿಪ್ಪನ್‌ಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡು ಇಂಥ ಸುಳ್ಳುಗಳನ್ನು ಧಾರಾಳವಾಗಿ ಹೇಳಿದ್ದೇನೆ, ಒಂದಕ್ಕೂ ಪಶ್ಚಾತ್ತಾಪವಿಲ್ಲ. ಆದರೆ ಹೋದ ವರ್ಷ ಮಗಳಿಗೆ ಹೇಳಿದ ಸುಳ್ಳೊಂದನ್ನು ಮಾತ್ರ ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗಬೇಕು ಅನ್ನಿಸಿದೆ.

ಮಗಳು ನಮಿತಾ ಆಕ್ಯುಪೇಷನಲ್ ಥೆರಪಿ ಎಂಬ ಡಿಗ್ರಿ ಮುಗಿಸಿ ಮನೆಗೆ ಬಂದಿದ್ದಳು. ಅದೇನೆಂದು ಗಿರಾಕಿಗಳಿಗೆ ವಿವರಿಸುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತಿತ್ತು. ಪೆಟ್ಟು ಬಿದ್ದವರಿಗೆ, ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಕಲಿಸುವ ವಿದ್ಯೆ ಅದು. ಗುಂಡಿ ಹಾಕುವುದು, ತಲೆ ಬಾಚುವುದು, ಅನ್ನ ಕಲಸುವುದು ಎಲ್ಲ ಅದರಲ್ಲಿ ಬರುತ್ತದೆ. 'ಅನ್ನ ಕಲ್ಸೋಕೂ ಕಾಲೇಜಿಗೆ ಹೋಗ್ಬೇಕಾ?' ಎಂದು ಹುಂಚದ ಸರೋಜಕ್ಕ ಕೇಳಿದರು. ನನಗೂ ಒಳಗೊಳಗೆ ಅದೇ ಅನುಮಾನವಿತ್ತು. ಅಷ್ಟರಲ್ಲಿ ಸ್ಟೂಲ್ ಹತ್ತಿ ಫ್ಯಾನ್ ಒರೆಸಲು ಹೋಗಿ, ಬಿದ್ದು, ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದಾಗ ಕೈ ಕೊರಡಾಗಿತ್ತು. ನಮಿತಾ ದಿನಾ ಚಪಾತಿ ಹಿಟ್ಟು ಹಿಸುಕಿಸಿ, ಬಟ್ಟೆ ಕ್ಲಿಪ್ ಒತ್ತಿಸಿ, ಒಂದೊಂದೇ ಬೆರಳಿಗೆ ಜೀವ ತಂದಳು. ನಾನೇ ಅನ್ನ ಕಲಸಿ ಉಂಡ ದಿನ ಆ ಅನುಮಾನ ಹೋಯಿತು.

ಸುಳ್ಳು ಶುರುವಾದದ್ದು ಆಮೇಲೆ. ಅವಳಿಗೆ ಮುಂದೆ ಮಾಸ್ಟರ್ಸ್ ಮಾಡಬೇಕಿತ್ತು. ಮಂಗಳೂರಿನ ಕಾಲೇಜೊಂದರಲ್ಲಿ ಕೈಯ ಚಿಕಿತ್ಸೆಯ ವಿಭಾಗಕ್ಕೆ ಸೀಟು ಸಿಕ್ಕಿತ್ತು. ಚೆನ್ನೈಯಲ್ಲಿ ಮಕ್ಕಳ ವಿಭಾಗದ ಸಂದರ್ಶನಕ್ಕೆ ಕರೆದಿದ್ದರು. ಅವಳ ಮನಸ್ಸು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಪಕ್ಕದ ಮನೆಯ ಐದು ವರ್ಷದ ಪುಟ್ಟಿಗೆ ಚಮಚ ಹಿಡಿಯಲು ಬರುತ್ತಿರಲಿಲ್ಲ. ಇವಳು ನನ್ನ ಅಂಗಡಿಯ ಚಿಂದಿಯನ್ನು ಚಮಚದ ಹಿಡಿಗೆ ದಪ್ಪಗೆ ಸುತ್ತಿಕೊಟ್ಟು ಎರಡು ವಾರ ಪಕ್ಕದಲ್ಲೇ ಕೂತಳು. ಪುಟ್ಟಿ ಮೊದಲ ಸಲ ತಾನೇ ಪಾಯಸ ತಿಂದಾಗ ಅದರ ಅಮ್ಮನಿಗಿಂತ ಹೆಚ್ಚು ಅತ್ತವಳು ನಮಿತಾ. ಆದರೂ ನೋಡಿ, ಮಂಗಳೂರಾದರೆ ಬೆಳಿಗ್ಗೆ ಬಸ್ ಹತ್ತಿ ಮಧ್ಯಾಹ್ನದ ಊಟಕ್ಕೆ ಅವಳೆದುರು ಕೂರಬಹುದು. ಚೆನ್ನೈಯಲ್ಲಿ ನನಗೆ ಭಾಷೆಯೂ ಬಾರದು, ದಾರಿಯೂ ತಿಳಿಯದು. ಮಾಸ್ತಿಕಟ್ಟೆಯಲ್ಲಿ ಕೆಲಸದಲ್ಲಿರುವ ನಮ್ಮ ಯಜಮಾನರು 'ನೀವಿಬ್ರೇ ತೀರ್ಮಾನ ಮಾಡ್ಕೊಳ್ಳಿ' ಎಂದು ಕೈ ತೊಳೆದುಕೊಂಡರು. ಇರುವುದೊಬ್ಬಳೇ ಮಗಳು, ಹೋಗಬೇಡ ಎನ್ನಲು ಬಾಯಿ ಬರಲಿಲ್ಲ. ಹಾಗಾಗಿ ನನ್ನ ಕೈ ಮತ್ತೆ ಕೆಟ್ಟಿತು. 'ಸೂಜಿ ಹಿಡಿಯೋಕೇ ಆಗ್ತಿಲ್ಲ ಕಣೆ. ಕೈಯ ಕೋರ್ಸೇ ಒಳ್ಳೇದು, ಅಭ್ಯಾಸಕ್ಕೆ ಮನೇಲೇ ಒಂದು ಕೈ ಇದ್ಯಲ್ಲ' ಎಂದೆ. ಅವಳು ನನ್ನ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ 'ಹೌದಾ' ಎಂದಳು, ಅಷ್ಟೇ.

ಆದರೂ ಚೆನ್ನೈಗೆ ಹೋಗುವುದನ್ನು ಬಿಡಲಿಲ್ಲ. ಸಂದರ್ಶನಕ್ಕೆ ಹೊರಡುವ ದಿನ ಅವಳ ನೀಲಿ ಚೂಡಿದಾರದ ಕುತ್ತಿಗೆ ಪಟ್ಟಿ ಬಿಚ್ಚಿಕೊಂಡಿತ್ತು. 'ನಿಂಗೆ ಆಗಲ್ಲ ಬಿಡಮ್ಮ, ಪಿನ್ ಹಾಕ್ಕೊಂಡು ಹೋಗ್ತೀನಿ' ಎಂದು ಅದನ್ನು ಮಂಚದ ಮೇಲಿಟ್ಟು, ಟಿಕೆಟ್ ಪ್ರಿಂಟ್ ತರಲು ಪೇಟೆಗೆ ಹೋದಳು. ನಾನು ಪಿನ್ನನ್ನೇ ನೋಡುತ್ತ ಕೂತೆ. ಟೈಲರ್ ಮಗಳು ಪಿನ್ ಚುಚ್ಚಿಕೊಂಡು ದೊಡ್ಡವರ ಮುಂದೆ ಕೂರುವುದೇ? ಐದು ನಿಮಿಷ ತಡೆದುಕೊಂಡೆ. ಆಮೇಲೆ ಬಾಗಿಲು ಹಾಕಿ, ಸೂಜಿಗೆ ದಾರ ಪೋಣಿಸಿ, ಕೈಹೊಲಿಗೆಯಲ್ಲೇ ಪಟ್ಟಿ ಕೂರಿಸಿ, ಇಸ್ತ್ರಿಯನ್ನೂ ಹಾಕಿಟ್ಟೆ. ಪಟ್ಟಿಯ ಹಳೆಯ ದಾರ ಸವೆದು ಹೋಗಿರಲಿಲ್ಲ, ಬ್ಲೇಡಿನಿಂದ ಕೊಯ್ದ ಹಾಗಿತ್ತು. ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ನಮಿತಾ ಬಂದವಳೇ ಪಟ್ಟಿಯನ್ನು ಬೆಳಕಿಗೆ ಹಿಡಿದಳು. 'ಯಾರು ಹೊಲ್ದಿದ್ದು?'

'ಎದುರಂಗಡಿ ಜಯಮ್ಮ.'

'ಅದಕ್ಕೇ ಸ್ವಲ್ಪ ಸೊಟ್ಟ ಆಗಿದೆ.'

'ಸೊಟ್ಟನಾ? ಎಲ್ಲಿ ತೋರ್ಸು. ಏಳು ಜನ್ಮ ಎತ್ತಿದ್ರೂ ಜಯಮ್ಮ ಇಂಥ ಹೊಲಿಗೆ ಹಾಕ್ತಾಳಾ?' ಎಂದುಬಿಟ್ಟೆ.

ಅವಳು ನಗಲಿಲ್ಲ. ಪಕ್ಕದಲ್ಲಿ ಕೂತು ನನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಳು. 'ಪಟ್ಟಿ ಬಿಚ್ಚಿದ್ದು ನಾನೇ ಅಮ್ಮ. ಪೇಶೆಂಟ್ ಹತ್ರ ಅವ್ರದ್ದೇ ಕೆಲಸ ಮಾಡ್ಸಿ ನೋಡು ಅಂತ ನಮ್ಗೆ ಮೊದಲ ವರ್ಷನೇ ಹೇಳ್ಕೊಡ್ತಾರೆ' ಎಂದಳು. 'ಹೋಗ್ಬೇಡ ಅಂತ ಬಾಯಲ್ಲೇ ಹೇಳ್ಬಹುದಿತ್ತಲ್ಲ?' ಎಂದು ಕೇಳಿದಳು.

'ಹೇಳಿದ್ರೆ ನೀ ಹೋಗ್ತಿರ್ಲಿಲ್ಲ, ಅದೇ ಹೆದ್ರಿಕೆ' ಎಂದೆ. ನಾನು ಮಾಡಿದ್ದಕ್ಕೂ ಆಡಿದ್ದಕ್ಕೂ ತಾಳಮೇಳವೇ ಇರಲಿಲ್ಲ. ಇಬ್ಬರೂ ಅತ್ತೆವು.

ಚೆನ್ನೈಯಲ್ಲಿ ಸೀಟು ಸಿಕ್ಕಿತು. ಮೊಬೈಲಿನಲ್ಲಿ ಒಪ್ಪಿಗೆಯ ಬಟನ್ ಬಂದಾಗ 'ನೀನೇ ಒತ್ತು, ಬೆರಳಿಗೆ ವ್ಯಾಯಾಮ' ಎಂದು ನನ್ನ ಮುಂದೆ ಹಿಡಿದಳು. ಒತ್ತಿದೆ.

ಈಗ ಮದುವೆಗಳ ಕಾಲ. ರಾಶಿ ರವಿಕೆ ಹೊಲಿದು ಮಣಿಕಟ್ಟು ನಿಜವಾಗಿಯೂ ನೋಯುತ್ತಿದೆ. ಹೇಳಿದರೆ ಪರೀಕ್ಷೆ ಬಿಟ್ಟು ಓಡಿಬಂದಾಳು. ಹೋದ ಭಾನುವಾರ ವಿಡಿಯೋ ಕಾಲ್ ಮಾಡಿ ಕೈ ಹೇಗಿದೆ ಎಂದು ಕೇಳಿದಳು. 'ಎಂತ ಆಗಿಲ್ಲ ಮಾರಾಯ್ತಿ, ನೋಡು' ಎಂದು ಐದೂ ಬೆರಳು ಕುಣಿಸಿ ತೋರಿಸಿದೆ. ಅವಳು ಮುಖವನ್ನು ಪರದೆಯ ಹತ್ತಿರ ತಂದು ನೋಡಿದಳು.

'ಚೆನ್ನಾಗಿದೆ ಅಮ್ಮ. ಈಗ ಬಲಗೈ ತೋರ್ಸು.'