ಎರಡು ಸ್ಪೀಕರೂ ಎಡಗಡೆಗೆ

ನಮ್ಮ ಸೋದರಮಾವನಿಗೆ ಇಬ್ಬರು ಹೆಂಡಿರು ಎಂದು ಚಿತ್ರದುರ್ಗದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಒಬ್ಬಳು ನಮ್ಮ ಅತ್ತೆ. ಇನ್ನೊಬ್ಬಳಿಗೆ ನಾಲ್ಕು ಚಕ್ರಗಳಿದ್ದವು!

ಅದು ಇಂಗ್ಲಿಷರ ಕಾಲದ ಕಪ್ಪು ಕಾರು. ಯಾರೋ ದೊರೆ ಊರು ಬಿಡುವಾಗ ಬಿಟ್ಟು ಹೋದದ್ದು ಕೈಯಿಂದ ಕೈಗೆ ಬಂದು ಮಾವನ ಪಾಲಾಗಿತ್ತು. ಮುಂದಿನ ಸೀಟು ಈಗಿನ ಕಾರುಗಳ ಹಾಗೆ ಎರಡು ಹೋಳಲ್ಲ, ಬಸ್ಸಿನ ಸೀಟಿನಂತೆ ಉದ್ದಕ್ಕೆ ಒಂದೇ. ಡ್ಯಾಶ್‌ಬೋರ್ಡು ತೇಗದ ಮರದ್ದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಎಂಜಿನ್ ಸದ್ದು ಮಾತ್ರ ಕೇಳಬೇಡಿ. ರಾಗಿ ಬೀಸುವ ಹತ್ತು ಕಲ್ಲುಗಳನ್ನು ಒಟ್ಟಿಗೆ ತಿರುಗಿಸಿದಂತೆ.

ಮಾವ ಉಣ್ಣೆ ವ್ಯಾಪಾರಿ. ಹಿರಿಯೂರು, ಹೊಸದುರ್ಗದ ಕಡೆಯ ಕುರಿಹಟ್ಟಿಗಳಿಗೆ ಹೋಗಿ ಉಣ್ಣೆ ಕೊಂಡು ತರುವುದು ಅವನ ಕೆಲಸ. ಬೇರೆ ವ್ಯಾಪಾರಿಗಳು ಲಾರಿಯಲ್ಲಿ ಹೋಗುತ್ತಿದ್ದರು. ಇವನು ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಉಣ್ಣೆ ಮೂಟೆ, ಮುಂದಿನ ಸೀಟಿನಲ್ಲಿ ಅತ್ತೆ. ಮಾವ ಮನೆಯಲ್ಲಿ ಮೂಕಬಸವ. ಸ್ಟೀರಿಂಗು ಹಿಡಿದನೋ, ಬಾಯಿಗೆ ಬ್ರೇಕೇ ಇಲ್ಲ! ಯಾವ ಹಟ್ಟಿಯ ಕುರಿ ಈದಿತು, ಯಾರ ಮಗಳಿಗೆ ಗಂಡು ಬಂತು, ರಾಮಗಿರಿ ಸ್ಟೇಷನ್ನಿನಲ್ಲಿ ರೈಲು ಎಷ್ಟು ತಡ, ಎಲ್ಲವನ್ನೂ ಅತ್ತೆಗೆ ಹೇಳುತ್ತಾ ಓಡಿಸುತ್ತಿದ್ದ.

ಆಗ ಎಪ್ಪತ್ತರ ದಶಕ. ಕಾಲೇಜು ಓದಲು ನಾನು ಅವರ ಮನೆಯಲ್ಲಿದ್ದೆ. ಎರಡು ಜಡೆ ಹಾಕುತ್ತಿದ್ದೆ. ಈಗ ಉಳಿದಿರುವ ಜಡೆಗೆ ನನ್ನ ಮೊಮ್ಮಗಳು ಇಲಿಬಾಲ ಅನ್ನುತ್ತಾಳೆ. ಈ ಫೋನಿನಲ್ಲಿ ಕನ್ನಡ ಟೈಪು ಮಾಡಲು ಕಲಿಸಿದವಳೂ ಅವಳೇ, ಹಾಗಾಗಿ ಕ್ಷಮಿಸಿದ್ದೇನೆ.

ಆ ವರ್ಷ ಯುಗಾದಿ ಕಳೆದ ಮೇಲೆ ಅತ್ತೆ ಇದ್ದಕ್ಕಿದ್ದಂತೆ ಕಾರು ಹತ್ತುವುದನ್ನೇ ಬಿಟ್ಟಳು. ಒಂದು ದಿನ ಮಂಡಿನೋವು. ಇನ್ನೊಂದು ದಿನ ಹಪ್ಪಳ ಒಣಹಾಕಬೇಕು. ಮತ್ತೊಂದು ದಿನ ಪೆಟ್ರೋಲ್ ವಾಸನೆಗೆ ವಾಂತಿ. ಇಪ್ಪತ್ತು ವರ್ಷ ಬಾರದ ವಾಂತಿ ಈಗ ಎಲ್ಲಿಂದ ಬಂತು? ಮಾವ ಕಾರು ಹೊರಡಿಸಿ, ಎಡಗಡೆಯ ಬಾಗಿಲು ತೆರೆದಿಟ್ಟು, ಐದು ನಿಮಿಷ ಕಾಯುತ್ತಿದ್ದ. ಆಮೇಲೆ ತಾನೇ ಇಳಿದು ಬಂದು ಮುಚ್ಚಿಕೊಂಡು ಹೋಗುತ್ತಿದ್ದ. ಇವರಿಬ್ಬರ ನಡುವೆ ಏನೋ ಮುರಿದಿದೆ ಎಂದು ನನಗೆ ಗಾಬರಿ. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುದ್ದೆ ಮಾತ್ರ ಇಳಿಯುತ್ತಿತ್ತು, ಅದನ್ನು ಅಗಿಯಬೇಕಾಗಿಲ್ಲವಲ್ಲ!

ಒಂದು ಬೆಳಿಗ್ಗೆ ಮಾವ ನನ್ನನ್ನು ಕಾರಿನ ಶೆಡ್ಡಿಗೆ ಕರೆದು ಗುಟ್ಟಾಗಿ ಹೇಳಿದ.

"ಗಾಡಿಗೆ ಸ್ಟೀರಿಯೋ ಹಾಕಿಸ್ತೀನಿ ಕಣಮ್ಮ. ಆಯುಧಪೂಜೆ ಒಳಗೆ ನಿಮ್ಮತ್ತೆ ಹತ್ತಲಿಲ್ಲ ಅಂದ್ರೆ ಇದನ್ನ ಮಾರಿಬಿಡ್ತೀನಿ. ಒಬ್ನೇ ಹೋಗಾಕೆ ಲಾರಿ ಸಾಕು."

ಈ ಮನುಷ್ಯ ಕಾರು ಮಾರುವುದೆಂದರೆ ಏನು ತಮಾಷೆಯೇ? ಮಳೆ ಬಂದರೆ ತಾನು ನೆನೆದು ಅದಕ್ಕೆ ಕಂಬಳಿ ಹೊದಿಸುತ್ತಿದ್ದವನು!

ವಿಷಯ ಅತ್ತೆಯ ತನಕ ಹೋಗಲು ಎಷ್ಟು ಹೊತ್ತು? ನಾನಿದ್ದೆನಲ್ಲ. ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಆ ದೊರೆಯ ಕಾರಿನಲ್ಲಿ ರೇಡಿಯೋ ಇಡುವ ಜಾಗವೇ ಇಲ್ಲ, ಡ್ಯಾಶ್‌ಬೋರ್ಡಿನ ಹಲಗೆ ಕೊಯ್ಯದೆ ಆಗುವ ಕೆಲಸವಲ್ಲ ಎಂದು ಅವಳಿಗೂ ಗೊತ್ತು. ಮಾವ ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳಿದಳು.

"ನನ್ನ ಸವತಿನೇ ಇರಬೌದು. ಆದ್ರೂ ಅವಳ ಮುಖಕ್ಕೆ ಗರಗಸ ಹಾಕಿಸಬ್ಯಾಡ್ರಿ."

ಅಲ್ಲಿಗೆ ಮುಗಿಯಿತು. ಯಂತ್ರ ಹೊಸದಿರಬೇಕು, ಕ್ಯಾಸೆಟ್ ಹಾಕಿದರೆ ಹಾಡಬೇಕು. ಮುಖ ಮಾತ್ರ ಕಾರಿನಷ್ಟೇ ಹಳೆಯದಿರಬೇಕು, ಹಲಗೆಗೆ ಗಾಯವೂ ಆಗಬಾರದು. ಇಂಥ ಸ್ಟೀರಿಯೋವನ್ನು ಯಾವ ಪುಣ್ಯಾತ್ಮ ಮಾಡಿಟ್ಟಿರುತ್ತಾನೆ ಹೇಳಿ!

ಮೊದಲು ಚಿತ್ರದುರ್ಗದ ಅಂಗಡಿ. ಅಂಗಡಿಯವನು ಬೆಳ್ಳಿಯ ಹಾಗೆ ಹೊಳೆಯುವ ನಾಲ್ಕೈದು ಸೆಟ್ಟು ತಂದಿಟ್ಟ. ಮಾವನಿಗೆ ಗೊತ್ತಿದ್ದದ್ದು ಉಣ್ಣೆ ಪರೀಕ್ಷೆ ಒಂದೇ. ಗುಂಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದ. ಮೂಸಿದ. ಕೊನೆಗೆ ಸೆಟ್ಟನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಅಂಗಡಿಯವನು ನನ್ನ ಮುಖ ನೋಡಿದ. ನಾನು ಬೀದಿ ನೋಡಿದೆ. ಸ್ವಿಚ್ ಹಾಕಿ ಕೇಳಬೇಕು ಎಂಬುದು ಮಾವನಿಗೆ ಹೊಳೆಯಲೇ ಇಲ್ಲ. "ಒರಟು ಐತೆ" ಎಂದು ಇಳಿಸಿಟ್ಟು ಹೊರಟೇಬಿಟ್ಟ!

ಆಮೇಲೆ ಹಿರಿಯೂರು. ಹೆದ್ದಾರಿ ಪಕ್ಕದಲ್ಲಿ ಲಾರಿಗಳಿಗೆ ಸಾಮಾನು ಮಾರುವ ಅಂಗಡಿ. ಅವನ ಸೆಟ್ಟಿನಲ್ಲಿ ಕೆಂಪು, ಹಸಿರು ದೀಪಗಳು ಹಾಡಿನ ಜೊತೆ ಕುಣಿಯುತ್ತಿದ್ದವು. ಇದನ್ನು ಹಾಕಿದರೆ ಹೆಂಡತಿ ಹತ್ತುವುದಿಲ್ಲ, ಮದುವೆಮನೆ ಎಂದುಕೊಂಡು ದಾರಿಹೋಕರು ಹತ್ತುತ್ತಾರೆ ಎಂದ ಮಾವ. ಹೀಗೆ ಸುತ್ತಿ ಸುತ್ತಿ ಗಣೇಶನ ಹಬ್ಬವೂ ಕಳೆಯಿತು. ನಾನು ಕ್ಯಾಲೆಂಡರ್ ನೋಡುವುದು, ಉಗುರು ಕಚ್ಚುವುದು. ಕಾರು ಕೊಳ್ಳಲು ಕಾದಿದ್ದ ಒಬ್ಬ ಲಾರಿ ಮಾಲೀಕನಂತೂ ಎರಡು ಸಲ ಮನೆಗೇ ಬಂದು ಕಾರಿನ ಸುತ್ತ ತಿರುಗಿ ಟೈರು ಒದ್ದು ನೋಡಿ ಹೋಗಿದ್ದ.

ಕೊನೆಗೆ ದಾರಿ ತೋರಿಸಿದವನು ಹೊಸದುರ್ಗದ ಮುದುಕ ರೇಡಿಯೋ ರಿಪೇರಿಯವನು. ಅವನ ಅಂಗಡಿಯಲ್ಲಿ ಸತ್ತ ರೇಡಿಯೋಗಳು ಸೂರಿನ ತನಕ ಪೇರಿಸಿದ್ದವು. ಮಾವನ ಕಥೆ ಕೇಳಿ, ಒಂದರ ಮುಖ ಬಿಚ್ಚಿ ತಂದ. ದುಂಡನೆಯ ಡಯಲು, ದಂತದ ಬಣ್ಣದ ಎರಡು ಗುಂಡಿ, ಕಂದು ಚೌಕಟ್ಟು. ಎಡಗಡೆ ಸಾಮಾನಿಡುವ ಗೂಡು ಇದೆಯಲ್ಲ, ಅದರ ಮುಚ್ಚಳ ಬಿಚ್ಚೋಣ. ಹೊಸ ಸೆಟ್ಟು ಗೂಡಿನೊಳಗೆ, ಈ ಮುಖ ಮುಚ್ಚಳದ ಜಾಗಕ್ಕೆ. ಗರಗಸವೇ ಬೇಡ ಎಂದ. ಮಾವ ಆ ಗುಂಡಿಯನ್ನು ಕೆನ್ನೆಗೆ ಒತ್ತಿಕೊಂಡ. ಈ ಸಲ ಒರಟು ಅನ್ನಲಿಲ್ಲ.

ಜೋಡಿಸುವ ದಿನ ಇನ್ನೊಂದು ತೊಡಕು. ಹಳೆ ಕಾರಿನ ಕರೆಂಟೇ ಬೇರೆಯಂತೆ. ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ ಇಡಬೇಕು, ತಂತಿ ಅದಲುಬದಲಾದರೆ ಸೆಟ್ಟು ಹೊಗೆಯಾಗಿ ಹೋಗುತ್ತದೆ ಎಂದು ಮುದುಕ ಹೆದರಿಸಿದ. ಬೆಂಕಿ ಬಿದ್ದರೆ ಮುಚ್ಚಲು ಮಾವ ನನ್ನ ಕೈಗೆ ಒದ್ದೆ ಕಂಬಳಿ ಕೊಟ್ಟು ನಿಲ್ಲಿಸಿದ. ಒದ್ದೆ ಕಂಬಳಿಯ ಭಾರ, ಅದರ ವಾಸನೆ! ಬೆಂಕಿ ಬೀಳಲಿ, ಇದನ್ನು ಎಸೆದು ಓಡಬಹುದು ಎನ್ನಿಸುತ್ತಿತ್ತು.

ಸ್ಪೀಕರಿನ ಸರದಿ ಬಂದಾಗ ಮಾವ ತನ್ನ ನಿಜವಾದ ಹುಚ್ಚು ತೋರಿಸಿದ. ಎರಡನ್ನೂ ಎಡಗಡೆಯ ಬಾಗಿಲಿಗೇ ಹಾಕು ಎಂದ. ಮುದುಕ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಸಾವ್ಕಾರ್ರೆ, ಸ್ಟೀರಿಯೋ ಅಂದ್ರೆ ಆ ಕಡೆ ಒಂದು, ಈ ಕಡೆ ಒಂದು. ಎರಡೂ ಒಂದೇ ಕಡೆ ಜಡಿದ್ರೆ ಇಷ್ಟೆಲ್ಲಾ ಯಾಕೆ ಬೇಕಿತ್ತು?"

"ನನಗೆ ಒಂದು ಕಡೆ ಸಾಕು. ನೀನು ಹಾಕಪ್ಪ."

ತಂತಿ ಉಳಿಸಲಿಕ್ಕೆ ಎಂದುಕೊಂಡೆ ನಾನು. ಜಿಪುಣ!

ಹಾಕಲು ಕ್ಯಾಸೆಟ್ ಬೇಕಲ್ಲ. ಅತ್ತೆಯ ತಮ್ಮ ಅಲ್ಲೇ ಹತ್ತಿರದ ಹಟ್ಟಿಯಲ್ಲಿ ಕುರಿ ಕಾಯುತ್ತಿದ್ದ. ಮಾವ ಮುದುಕನ ರೆಕಾರ್ಡರನ್ನು ಅಲ್ಲಿಗೆ ಒಯ್ದು, ತವರಿನ ಸದ್ದನ್ನೆಲ್ಲ ತುಂಬಿಸಿಕೊಂಡು ಬಂದ. ಕುರಿಯ ಕೊರಳ ಗಂಟೆ, ನಾಯಿಯ ಬೊಗಳು, ಮಂದೆಯನ್ನು ಕರೆಯುವ ಆ ತಮ್ಮನ ಕೂಗು. ಹೊಳಲ್ಕೆರೆ ಮೇಲಿಂದ ಊರಿಗೆ ವಾಪಸು ಬರುವಾಗ ಪರೀಕ್ಷೆಗೆಂದು ಹಾಕಿದ. ತಮ್ಮ ಮೂರು ಸಲ ಕೂಗಿದನೋ ಇಲ್ಲವೋ, ರಸ್ತೆ ಪಕ್ಕದ ಹೊಲದಲ್ಲಿದ್ದ ಯಾರದೋ ಮಂದೆ ತಲೆ ಎತ್ತಿತು. ನೋಡನೋಡುತ್ತ ಕಾರಿನ ಸುತ್ತ ಕುರಿಯೇ ಕುರಿ! ಒಂದು ಟಗರು ಕಿಟಕಿಯೊಳಗೆ ಮುಖ ಹಾಕಿ ನನ್ನ ಜಡೆಯ ರಿಬ್ಬನ್ನು ಮೂಸಿತು. ಕುರಿಗಾರ ಕೋಲು ಊರಿಕೊಂಡು ನಿಧಾನವಾಗಿ ಬಂದ.

"ಕುರೀನ ನಿಮ್ಮ ಗಾಡಿನೇ ಕಾಯ್ತೈತೇನ್ರಿ? ಹಂಗಾದ್ರೆ ನಾನು ಮನಿಗೋಗಿ ಮಲಗ್ತೀನಿ."

ಆಯುಧಪೂಜೆ ಬಂದೇಬಿಟ್ಟಿತು. ಲಾರಿ ಮಾಲೀಕ ಮಧ್ಯಾಹ್ನ ಬರುತ್ತೇನೆಂದು ಹೇಳಿ ಕಳಿಸಿದ್ದ. ನಮ್ಮ ಮನೆಯಲ್ಲಿ ಆ ದಿನ ಅತ್ತೆ ಕುಂಕುಮವಿಡದೆ ಕಾರು ಶೆಡ್ಡಿನಿಂದ ಹೊರಡುವ ಪದ್ಧತಿ ಇರಲಿಲ್ಲ. ಬಾನೆಟ್ಟಿಗೆ ಇಟ್ಟಳು, ಚಕ್ರಗಳಿಗೆ ಇಟ್ಟಳು. ಹೊಸ ಯಂತ್ರಕ್ಕೂ ಇಡಬೇಕು ಎಂದ ಮಾವ. ಅದು ಒಳಗಿತ್ತು. ಹೊರಗೆ ನಿಂತರೆ ಕೈ ಎಟುಕದು. ತಟ್ಟೆಯಲ್ಲಿದ್ದ ನಿಂಬೆಹಣ್ಣನ್ನು ನಾನು ಚಕ್ರದಡಿ ಇಟ್ಟೆ.

ಅತ್ತೆ ಹತ್ತಿ ಕುಳಿತಳು. ಹಲಗೆಯ ಉದ್ದಕ್ಕೂ ಬೆರಳಾಡಿಸಿ ಗಾಯ ಹುಡುಕಿದಳು. ಇರಲಿಲ್ಲ. ಡಯಲಿನ ನೆತ್ತಿಗೆ ಕುಂಕುಮವಿಟ್ಟಳು. ನಾನು ಹಿಂದಿನ ಸೀಟಿಗೆ ನುಗ್ಗಿದೆ. ಮಾವ ಎಲ್ಲಿ ಅವಳು ಇಳಿದಾಳೋ ಎಂದು ಚಕ್ರದಡಿಯ ನಿಂಬೆಹಣ್ಣನ್ನು ಚಚ್ಚಿ ಹೊರಟೇಬಿಟ್ಟ. ಜೋಗಿಮಟ್ಟಿ ರಸ್ತೆಯಲ್ಲಿ ಕ್ಯಾಸೆಟ್ ಹಾಕಿದ.

ಎಡಬಾಗಿಲಿನಿಂದ ತವರಿನ ಗಂಟೆಗಳು ಮೊಳಗಿದವು. ತಮ್ಮ ಕೂಗಿದ. ಅತ್ತೆ ಬಾಗಿಲಿನ ಕಡೆ ತಿರುಗಿ, ಎರಡು ಸ್ಪೀಕರುಗಳನ್ನು ನೋಡಿದಳು. ಆಮೇಲೆ ಮಾವನ ಕಡೆ ತಿರುಗಿದಳು.

"ಯಾವಾಗ ಗೊತ್ತಾತು ನಿಮಗೆ?"

ಮಾವ ಕಾರು ನಿಲ್ಲಿಸಿದ. ಎಂಜಿನ್ ಸದ್ದು ಅಡಗಿದ ಮೇಲೆ ನಿಧಾನವಾಗಿ ಹೇಳಿದ. "ನಾನು ಏನೇ ಕೇಳಿದ್ರೂ ನೀನು ಹೂಂ ಅಂತಿದ್ದೆ. ಗಾಡಿ ಹೊಳೆಗೆ ಹಾರಿಸ್ಲಾ ಅಂತ ಕೇಳ್ದೆ ಒಂದಿನ. ಅದಕ್ಕೂ ನೀನು ಹೂಂ ಅಂದೆ."

ಆಗ ನನ್ನ ದಡ್ಡ ತಲೆಗೆ ಬೆಳಕಾಯಿತು. ಎರಡು ವರ್ಷದ ಹಿಂದಿನ ಜ್ವರದಲ್ಲಿ ಅತ್ತೆಯ ಬಲಗಿವಿ ಹೋಗಿತ್ತು. ಕಿವುಡಿ ಅನ್ನಿಸಿಕೊಳ್ಳಲು ನಾಚಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರನ್ನೂ ಎಡಕ್ಕಿಟ್ಟುಕೊಂಡು ಸಂಭಾಳಿಸುತ್ತಿದ್ದಳು. ಕಾರಿನಲ್ಲಿ ಮಾತ್ರ ಆಗದು: ಓಡಿಸುವವನು ಬಲಗಡೆ, ಮೇಲೆ ಆ ಎಂಜಿನ್ನಿನ ಸದ್ದು. ಮಾವನ ಮಾತುಗಳೆಲ್ಲ ಸತ್ತ ಕಿವಿಗೆ ಬಿದ್ದು ಹೋಗುತ್ತಿದ್ದವು. ಅಷ್ಟು ದಿನ ಹೂಂ ಅಂದೇ ಸಾಗಿಸಿದವಳು, ಸಿಕ್ಕಿಬೀಳುತ್ತೇನೆ ಎಂದು ಹೆದರಿ ಯುಗಾದಿಯ ಮೇಲೆ ಕಾರು ಹತ್ತುವುದನ್ನೇ ಬಿಟ್ಟಿದ್ದಳು.

"ಗಂಟೆ ಚೆನ್ನಾಗಿ ಕೇಳ್ತೈತೆ," ಎಂದಳು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನಿಮ್ಮ ಮಾತು ಕೇಳಲ್ಲವಲ್ರಿ."

ತಿಂಗಳುಗಟ್ಟಲೆ ಊರೂರು ಅಲೆದು ತಂದ ಸ್ಟೀರಿಯೋವನ್ನು ಮಾವ ಟಕ್ಕೆಂದು ಆರಿಸಿದ. ಇಳಿದ. ಕಾರನ್ನು ಸುತ್ತಿ ಬಂದು ಎಡಬಾಗಿಲು ತೆರೆದು ನಿಂತ.

"ಆ ಕಡೆ ಸರಿ."

"ನನಗೆ ಓಡ್ಸಾಕೆ ಬರಲ್ಲ."

"ಬರ್ತೈತೆ. ಸರಿ."

ಅತ್ತೆ ಉದ್ದನೆಯ ಸೀಟಿನ ಮೇಲೆ ಜಾರಿ ಸ್ಟೀರಿಂಗಿನ ಹಿಂದೆ ಕುಳಿತಳು. ಮಾವ ಅವಳ ಎಡಕ್ಕೆ, ಕೇಳುವ ಕಿವಿಯ ಪಕ್ಕಕ್ಕೆ ಕುಳಿತು, ಕಾಲು ಎಲ್ಲಿಡಬೇಕು, ಯಾವುದು ಮೆಲ್ಲಗೆ ಬಿಡಬೇಕು ಎಂದು ಹೇಳಿಕೊಟ್ಟ. ಕಾರು ನಾಲ್ಕು ಸಲ ಕುಪ್ಪಳಿಸಿ ಸತ್ತಿತು. ಐದನೆಯ ಸಲ ತೆವಳತೊಡಗಿತು. ಹಿಂದೆ ನಾನು ಒದ್ದೆಯಿಲ್ಲದ ಕಂಬಳಿಯನ್ನೇ ಅವುಚಿಕೊಂಡು ಕುಳಿತಿದ್ದೆ.

"ಈಗ ಹೇಳ್ರಿ," ಎಂದಳು ಅತ್ತೆ, ರಸ್ತೆಯಿಂದ ಕಣ್ಣು ಕೀಳದೆ. "ಎರಡು ವರ್ಷ ಏನೇನು ಹೇಳಿದ್ರಿ, ಮೊದಲಿಂದ ಹೇಳ್ರಿ."

ಮಾವ ಗಂಟಲು ಸರಿಮಾಡಿಕೊಂಡ. ಅತ್ತೆ ಜ್ವರದಿಂದ ಎದ್ದ ಮೇಲೆ ಇಬ್ಬರೂ ಮೊದಲ ಸಲ ಹಿರಿಯೂರಿಗೆ ಹೋದ ದಿನದಿಂದ ಶುರು ಮಾಡಿದ. ಮಧ್ಯಾಹ್ನ ಲಾರಿ ಮಾಲೀಕ ಬಂದು ಬಾಗಿಲು ಬಡಿದು ವಾಪಸು ಹೋದನಂತೆ. ನಾವಿನ್ನೂ ರಸ್ತೆಯಲ್ಲೇ ಇದ್ದೆವು, ಮೊದಲನೆಯ ಗೇರಿನಲ್ಲಿ. ಮಾವನ ಕಥೆ ಇನ್ನೂ ಹಿರಿಯೂರು ತಲುಪಿರಲಿಲ್ಲ.