ಒಂದಿಂಚಣ್ಣನ ಮಾತ್ರೆ ಲೆಕ್ಕ

ಎಲ್ಲಕ್ಕೂ ಕಾರಣ ದಿಂಬಿನ ಮೇಲೆ ಬಿದ್ದಿದ್ದ ಏಳು ಕೂದಲು. ಎರಡು ತಿಂಗಳ ಹಿಂದೆ ನಮ್ಮ ದರ್ಜಿ ಒಂದಿಂಚಣ್ಣನ ಹೆಂಡತಿ ಅವನ್ನು ಹೆಕ್ಕಿ ತೋರಿಸಿ, "ಇನ್ನೊಂದು ವರ್ಷಕ್ಕೆ ನಿಮ್ಮ ತಲೆ ಬಾಣಲೆ ತಳ ಆಗುತ್ತೆ ನೋಡ್ರಿ" ಎಂದಿದ್ದಳು. ಅವನು ಅವತ್ತೇ ಮದ್ದು ಹುಡುಕಲು ಹೊರಟ.

ಮದ್ದು ಹೇಳಿದವಳು ಅವನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಗುಂಡಿ ಅಕ್ಕ. ಅಂಗಿಗೆ ಗುಂಡಿ ಹಚ್ಚುತ್ತ ಕೂತಲ್ಲೇ ಲೋಕದ ಕಾಯಿಲೆಗೆಲ್ಲ ಔಷಧಿ ಹೇಳುವ ಹೆಂಗಸು. ಕೂದಲಿಗೆ ಜಿಂಕ್ ಎಂದಳು. ಕೂದಲ ಮಾತು ಮಂಡಿಗೆ ಇಳಿದಾಗ ಕ್ಯಾಲ್ಸಿಯಂ ಎಂದಳು. ಆಕಳಿಸಿದ್ದಕ್ಕೆ ಐರನ್ ಎಂದಳು.

ಡಬ್ಬಿಗಳ ಮೇಲೆ ದಿನಕ್ಕೊಂದು ಎಂದೇ ಬರೆದಿತ್ತು. ಆದರೆ ನಮ್ಮ ದರ್ಜಿಗೆ ಒಂದಿಂಚಣ್ಣ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಅಳತೆಗೂ ಒಂದಿಂಚು ಹೆಚ್ಚು ಬಿಟ್ಟೇ ಹೊಲಿಯುವವನು. "ಜಾಸ್ತಿಯಾದ್ರೆ ಒಳಗೆ ಮಡಚಬಹುದು. ಕಮ್ಮಿಯಾದ್ರೆ ಎಲ್ಲಿಂದ ತರೋದು?" ಮಾತ್ರೆಗೂ ಅದೇ ಲೆಕ್ಕ ಹಾಕಿ ಒಂದರ ಜಾಗದಲ್ಲಿ ಮೂರು ಮೂರು ನುಂಗಿದ. ಹೊಟ್ಟೆಯಲ್ಲಿ ಉಳಿದದ್ದನ್ನು ಮಡಚಿ ಹೊಲಿಯುವವರು ಯಾರು?

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಯಜಮಾನಿ ನೀಲಿ ರೇಷ್ಮೆಯ ಥಾನು ತಂದು ಮೇಜಿನ ಮೇಲೆ ಹರಡಿದಳು. "ಕಛೇರಿಲಿ ಹಾಡೋ ಗಾಯಕರ ಕೋಟು, ಸಂಜೆ ನೋಡೋಕೆ ಬರ್ತಾರೆ. ನೀನೇ ಕತ್ತರಿಸು. ಸರಿಯಾಗಿ ಬಂದ್ರೆ ಇವತ್ತಿಂದ ಕಟಿಂಗ್ ಮಾಸ್ಟರ್ ನೀನು. ಹಾಳಾದ್ರೆ ಹೊಸಬನ್ನ ತರ್ತೀನಿ."

ಹದಿನೈದು ವರ್ಷ ಮೆಷಿನ್ನು ತುಳಿದು ಕಾಲು ಸವೆಸಿದವನು ಕಾದದ್ದು ಈ ಮಾತಿಗೇ. ಕತ್ತರಿ ಎತ್ತಿದ. ಕೈ ಬೋನಿಗೆ ಬಿದ್ದ ಇಲಿಯಂತೆ ಗಡಗಡ ನಡುಗಿತು.

"ನಿಶ್ಶಕ್ತಿ ಕಣಪ್ಪ" ಎಂದಳು ಗುಂಡಿ ಅಕ್ಕ. "ಇನ್ನೆರಡು ಕ್ಯಾಲ್ಸಿಯಂ ಹಾಕ್ಕೋ."

ಹಾಕಿಕೊಂಡ. ಹೊಟ್ಟೆಯೊಳಗೆ ಯಾರೋ ಪಾತ್ರೆ ಅಂಗಡಿಯನ್ನೇ ಉರುಳಿಸಿದಂತಾಯಿತು. ಕತ್ತರಿ ಹೆಂಡ ಕುಡಿದ ಹಾವಿನ ಹಾಗೆ ಹರಿದು, ಕೋಟಿನ ಅಂಚೆಲ್ಲ ಅಂಕುಡೊಂಕು. ಯಜಮಾನಿ ಕಿರುಚಿದ ರಭಸಕ್ಕೆ ಎದುರು ಬೀದಿಯ ನಾಯಿಗಳು ಊರನ್ನೇ ಬಿಟ್ಟವು. "ನನ್ನ ರೇಷ್ಮೆ! ಮೊದಲು ಆಸ್ಪತ್ರೆಗೆ ಹೋಗಿ ಬಾ, ಆಮೇಲೆ ನಿನ್ನ ವಿಚಾರಿಸ್ಕೊಳ್ತೀನಿ!"

ಡಾಕ್ಟರು ಮಾತ್ರೆಗಳ ಪಟ್ಟಿ ಕೇಳಿ ಕನ್ನಡಕ ತೆಗೆದಿಟ್ಟರು. "ಇದು ಹೊಟ್ಟೆಯೋ ಗುಜರಿ ಅಂಗಡಿಯೋ? ಕ್ಯಾಲ್ಸಿಯಂ ವಿಪರೀತವಾಗಿ ಮೆಗ್ನೀಸಿಯಮ್ಮನ್ನ ಆಚೆ ದಬ್ಬಿದೆ, ಅದಕ್ಕೇ ನಡುಕ. ಜಿಂಕು ತಾಮ್ರವನ್ನ ಒಳಗೇ ಬಿಟ್ಟುಕೊಳ್ತಿಲ್ಲ. ಐರನ್ನಿಗೆ ಕ್ಯಾಲ್ಸಿಯಂ ಅಡ್ಡಗಾಲು. ಎಲ್ಲಾ ಒಟ್ಟಿಗೆ ಸುರಿದ್ರೆ ಒಳಗೆ ಕಾದಾಟ ಆಗದೆ ಇನ್ನೇನಾಗುತ್ತೆ?"

"ಕೂದಲು, ಡಾಕ್ಟ್ರೇ?"

"ನಿಮ್ಮಪ್ಪನ ತಲೆ ಹೇಗಿತ್ತು?"

"ಗೋಲಿ ಥರ."

"ಹಾಗಾದ್ರೆ ಮಾತ್ರೆ ದಂಡ. ಎಲ್ಲಾ ನಿಲ್ಲಿಸಿ. ಬಾಟ್ಲಿ ಏರಿಸ್ತೀನಿ, ಸಂಜೆಗೆ ನಡುಕ ನಿಲ್ಲುತ್ತೆ."

ಸಂಜೆ ಒಂದಿಂಚಣ್ಣ ಕಳ್ಳಹೆಜ್ಜೆ ಇಡುತ್ತ ಅಂಗಡಿಗೆ ಬಂದರೆ, ಗಾಯಕರು ಆ ನೀಲಿ ರೇಷ್ಮೆಯನ್ನು ಮೈಮೇಲೆ ಹೊದ್ದುಕೊಂಡು ಕನ್ನಡಿಯ ಮುಂದೆ ಸುತ್ತುತ್ತಿದ್ದರು.

"ಏನ್ರೀ ಈ ಅಂಚು! ಸಮುದ್ರದ ಅಲೆ! ನನ್ನ ಜೊತೆ ಹಾಡೋ ಹನ್ನೊಂದು ಜನಕ್ಕೂ ಇಂಥದೇ ಬೇಕು. ಇದನ್ನ ಕತ್ತರಿಸಿದೋನೇ ಇನ್ನೊಂದನ್ನ ಈಗ್ಲೇ ನನ್ನ ಕಣ್ಣೆದುರಿಗೆ ಕತ್ತರಿಸಲಿ."

ಯಜಮಾನಿಯ ಮುಖ ಅರಳಿತು. "ಬನ್ನಿ ಬನ್ನಿ, ಕಟಿಂಗ್ ಮಾಸ್ಟ್ರೇ!"

ಹದಿನೈದು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಬಹುವಚನ! ಒಂದಿಂಚಣ್ಣ ಎದೆಯುಬ್ಬಿಸಿ ಕತ್ತರಿ ಹಿಡಿದ. ಕರ್ರ್ ಎಂದು ಬಟ್ಟೆ ಹರಿಯಿತು. ಬಿಡಿಸಿ ನೋಡಿದರೆ, ಅಂಚು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ!

"ಅಲೆ ಎಲ್ರೀ?" ಎಂದರು ಗಾಯಕರು.

ಒಂದಿಂಚಣ್ಣ ಎಡಗೈಯಲ್ಲಿ ಬಲಗೈ ಹಿಡಿದು ಹುಣಸೆಮರ ಅಲುಗಿಸುವಂತೆ ಅಲುಗಿಸಿದ. ಬಿಟ್ಟ ತಕ್ಷಣ ಅದು ಕಂಬದಂತೆ ನಿಂತಿತು.

"ಏಯ್, ಹೋಗಿ ಮೆಷಿನ್ನಿಗೆ ಕೂತ್ಕೋ" ಎಂದಳು ಯಜಮಾನಿ. "ನಾಳೆ ಹೊಸಬನ್ನ ತರ್ತೀನಿ. ಚೆನ್ನಾಗಿ ಕೈ ನಡುಗೋನನ್ನೇ!"