ಭಟ್ರ ಮಡಿಪಂಚೆ ಮತ್ತು ಕಾಪುವಿನ ಹುಡುಗನ ಫಿಸಿಕ್ಸ್

ರಿಟೈರ್ ಆದ ಫಿಸಿಕ್ಸ್ ಮಾಷ್ಟ್ರಿಗೆ ಎರಡು ಕಾಟ ತಪ್ಪಿದ್ದಲ್ಲ. ಒಂದು ಮಂಡಿನೋವು, ಇನ್ನೊಂದು "ಸರ್, ಒಂದು ಸಣ್ಣ ಡೌಟು." ಮಂಡಿನೋವಿಗೆ ತಿಕ್ಕಲಿಕ್ಕೆ ಎಣ್ಣೆಯಾದರೂ ಉಂಟು. ಸಣ್ಣ ಡೌಟಿಗೆ ಎಂತದೂ ಇಲ್ಲ. ಉದ್ಯಾವರದ ನಮ್ಮ ಮನೆಯ ಗೇಟು ಕಿರ್ರ್ ಅಂದರೆ ಸಾಕು, ನನ್ನ ಮಂಡಿ ತಾನಾಗಿಯೇ ನೋಯಲಿಕ್ಕೆ ಶುರುವಾಗ್ತದೆ.

ಈ ಬೇಸಿಗೆಯ ಡೌಟು ಬಂದದ್ದು ಕಾಪುವಿನಿಂದ. ಹುಡುಗ ಕಾರ್ಕಳ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವ. ಎಲ್ಲ ಸಬ್ಜೆಕ್ಟಿನಲ್ಲಿ ಹೇಗೋ ದಾಟಿ ಬಂದು ಫಿಸಿಕ್ಸಿನಲ್ಲಿ ಸಿಕ್ಕಿಬಿದ್ದಿದ್ದ. ಗಲ್ಫಿನಲ್ಲಿದ್ದ ಅಪ್ಪ ಫೋನಿನಲ್ಲಿ ಹೇಳಿ ಆಗಿತ್ತು, "ಈ ಸಲವೂ ಪಾಸಾಗದಿದ್ದರೆ ಟಿಕೆಟ್ ಕಳಿಸ್ತೇನೆ. ಬಂದು ನನ್ನ ಜೊತೆ ಗೋಡೌನಿನಲ್ಲಿ ಪೆಟ್ಟಿಗೆ ಎತ್ತು." ತಾಯಿ ಅವನನ್ನು ಎಳೆದುಕೊಂಡು ಬಂದು ನನ್ನ ಎದುರು ನಿಲ್ಲಿಸಿದಳು.

"ಸರ್, ಇವನನ್ನು ನಿಮ್ಮ ಕಾಲಿಗೆ ಹಾಕಿದ್ದೇನೆ. ನಾನು ಕೂಡ ನಿಮ್ಮ ಹತ್ತಿರವೇ ಫಿಸಿಕ್ಸ್ ಕಲಿತದ್ದಲ್ವಾ?"

ನನಗೆ ನೆನಪಾಯಿತು. ಇವಳು ಪಾಸಾದ ದಿನ ಸ್ಟಾಫ್ ರೂಮಿನಲ್ಲಿ ನಾವು ಚಹಾ ಹಂಚಿದ್ದೆವು. ಆವತ್ತೇ ನಾನು ಮಂಡಿನೋವು ಅಂತ ಒಳಗೆ ಹೋಗಿ ಮಲಗಬೇಕಿತ್ತು.

ಎರಡನೇ ಫೋಟೋ

ಮಾರನೇ ದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಕೆಳಗೆ ಬರೆದಿದ್ದ: "ಸರ್ ಇದರ ಉತ್ತರ ಸಿ. ಹೇಗೆ ಅಂತ ಹೇಳಿ."

ಫೋನ್ ಮಾಡಿದೆ. "ಪ್ರಶ್ನೆ ಎಂತ ಮಾರಾಯ?"

"ಫೋಟೋದಲ್ಲಿ ಉಂಟಲ್ವಾ ಸರ್."

"ಫೋಟೋದಲ್ಲಿ ನಿನ್ನ ಹೆಬ್ಬೆರಳು ಉಂಟು. ಅದು ಪ್ರಶ್ನೆಯಾ?"

ಇನ್ನೊಂದು ಫೋಟೋ ಕಳಿಸಿದ. ಈ ಸಲ ಹೆಬ್ಬೆರಳು ಇಲ್ಲ. ಟ್ಯೂಬ್‌ಲೈಟಿನ ಬೆಳಕು ಆ ನುಣುಪು ಕಾಗದದ ಮೇಲೆ ಬಿದ್ದು ಪುಟ ಇಡೀ ಬೆಳ್ಳಗೆ. ಓದಲಿಕ್ಕೆ ಹೋಗಿ ನನ್ನ ಇದ್ದ ಕಣ್ಣೂ ಹೋಗುವುದರಲ್ಲಿತ್ತು. ಬೈದ ಮೇಲೆ ಮೂರನೇ ಫೋಟೋ ಬಂತು. ಅದರಲ್ಲಿ ಪ್ರಶ್ನೆ ಸ್ಪಷ್ಟ ಕಾಣ್ತಿತ್ತು: ನುಣುಪಾದ ಮೇಲ್ಮೈಯಲ್ಲಿ ಬೆಳಕು ಬಿದ್ದಾಗ ಕಣ್ಣು ಕುಕ್ಕುವುದು ಯಾಕೆ?

ನನಗೆ ಖುಷಿಯೇ ಆಯಿತು. ಇಷ್ಟು ಸುಲಭದ ಪಾಠ ಜನ್ಮದಲ್ಲಿ ಸಿಕ್ಕಿರಲಿಲ್ಲ. "ನೋಡು, ನೀನು ಕಳಿಸಿದ ಎರಡನೇ ಫೋಟೋ ತೆಗೆದು ನೋಡು. ಉತ್ತರ ಅದರಲ್ಲೇ ಉಂಟು."

ಆಚೆಯಿಂದ ಪುಟ ಮಗುಚುವ ಶಬ್ದ ಕೇಳಿತು. ಅರ್ಥವಾಯಿತು ಅಂದುಕೊಂಡೆ.

"ಸರ್," ಅಂದ, "ಎರಡನೇದಾದರೆ ಬಿ ಆಗ್ಬೇಕಲ್ವಾ? ಇಲ್ಲಿ ಸಿ ಅಂತ ಕೊಟ್ಟಿದ್ದಾರೆ."

ಕೆರೆಯ ಲೆಕ್ಕ

ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು, ಕಣ್ಣಿಗೆ ತೋರಿಸಿ ಕಲಿಸಬೇಕು ಅಂತ ನಿರ್ಧಾರ ಮಾಡಿದೆ. ಭಾನುವಾರ ಮನೆಗೆ ಬಾ ಅಂದೆ. ಬಂದ. ಹಿಂದಿನ ಗದ್ದೆ ಬದಿಯ ಕೆರೆಗೆ ಕರಕೊಂಡು ಹೋದೆ. ಬೇಸಿಗೆಯಲ್ಲಿ ಅದರ ನೀರು ಕನ್ನಡಿಯ ಹಾಗೆ. ತಳದ ಕಲ್ಲು, ಮೀನು, ಮೀನಿನ ಮುಖದ ಬೇಸರ, ಎಲ್ಲ ಕಾಣ್ತದೆ.

"ನೀರಿನಿಂದ ಹೊರಗೆ ಬರುವಾಗ ಬೆಳಕು ಬಾಗ್ತದೆ," ಅಂದೆ. "ಹಾಗಾಗಿ ಮೇಲಿನಿಂದ ನೋಡಿದರೆ ಆಳ ಕಡಿಮೆ ಕಾಣ್ತದೆ. ಇದ್ದದ್ದರ ಮುಕ್ಕಾಲು ಪಾಲು. ನಿನಗೆ ಈಗ ಎಷ್ಟು ಆಳ ಕಾಣ್ತದೆ?"

ಬಗ್ಗಿ ನೋಡಿದ. "ಸೊಂಟದವರೆಗೆ ಸರ್."

"ಹಾಗಾದರೆ ನಿಜವಾದ ಆಳ ಎಷ್ಟು? ಲೆಕ್ಕ ಮಾಡಿ ಹೇಳು."

ಕಣ್ಣು ಮುಚ್ಚಿ ಬೆರಳು ಮಡಚಿದ. ನಾನು ಕಾದೆ. ಎದುರಿನ ತೆಂಗಿನಮರದಲ್ಲಿ ಒಂದು ಬೊಂಡ ಬಲಿತು ಕಾಯಿಯೇ ಆಯಿತು. ಆಮೇಲೆ ಕಣ್ಣು ಬಿಟ್ಟು, "ಸೊಂಟದ ಮುಕ್ಕಾಲು, ಅಂದರೆ ಮಂಡಿವರೆಗೆ!" ಅಂದವನೇ, ನಾನು ಹಾಂ ಅನ್ನುವ ಮೊದಲು, ಪ್ಯಾಂಟು ಮಂಡಿಯ ಮೇಲಕ್ಕೆ ಮಡಚಿ ಧೈರ್ಯದಲ್ಲಿ ಇಳಿದೇ ಬಿಟ್ಟ.

ಬುಳುಕ್ ಅಂತ ಶಬ್ದ ಬಂತು. ನೀರು ಎದೆಯವರೆಗೆ.

"ಸರ್," ನೀರಿನೊಳಗಿನಿಂದಲೇ ಕೂಗಿದ, "ಗುಣಿಸಿದ್ದು ತಪ್ಪಾಯ್ತು ಸರ್, ಭಾಗಿಸ್ಬೇಕಿತ್ತು!"

ಆ ಸೂತ್ರವನ್ನು ಅವನು ಈವತ್ತಿಗೂ ಮರೆತಿಲ್ಲ. ಪ್ಯಾಂಟಿನ ಜೇಬಿನಲ್ಲಿದ್ದ ಫೋನು ಮಾತ್ರ ಅವನ ಹೆಸರು ಸಮೇತ ಎಲ್ಲ ಮರೆತುಬಿಟ್ಟಿತು.

ಹಪ್ಪಳದ ಕಾವಲು

ನಮ್ಮ ಮನೆಯಾಕೆ ತಾರಸಿಯಲ್ಲಿ ಹಲಸಿನಕಾಯಿ ಹಪ್ಪಳ ಒಣಗಿಸ್ತಾಳೆ. ಕಾಗೆ ಬಾರದ ಹಾಗೆ ಸುತ್ತ ಹಗ್ಗ ಕಟ್ಟಿ ಹಳೇ ಯಕ್ಷಗಾನದ ಸೀಡಿಗಳನ್ನು ನೇತುಹಾಕಿದ್ದಾಳೆ. ಬಿಸಿಲಿಗೆ ಅವು ಫಳಫಳ ಹೊಳೆದರೆ ಕಾಗೆ ಹತ್ತಿರ ಸುಳಿಯುದಿಲ್ಲ.

ಮುಂದಿನ ಭಾನುವಾರ ಡಿಫ್ರಾಕ್ಷನ್ ಪಾಠ. ಹತ್ತಿರ ಹತ್ತಿರ ಸಣ್ಣ ಸಣ್ಣ ಗೆರೆ ಇದ್ದರೆ ಬೆಳಕು ಹೇಗೆ ಬಣ್ಣ ಬಣ್ಣವಾಗಿ ಬಿಡಿಸಿಕೊಳ್ತದೆ ಅಂತ ಹೇಳಿ, "ಬೇಕಾದರೆ ತಾರಸಿಗೆ ಹೋಗಿ ಒಂದು ಸೀಡಿ ನೋಡಿಕೊಂಡು ಬಾ" ಅಂದೆ. ನಾನು ಹೇಳಿದ್ದು ನೋಡಿಕೊಂಡು ಬಾ ಅಂತ. ಅವನು ಅಷ್ಟನ್ನೂ ಬಿಚ್ಚಿ ಕೆಳಗೆ ತಂದ. ಒಂದರಲ್ಲಿ ಬಣ್ಣ ಸರಿ ಬರಲಿಲ್ಲವಂತೆ.

ಹೊಸ್ತಿಲಲ್ಲಿ ಕೂತು ನಾವು ಬಣ್ಣ ನೋಡ್ತಾ ಇದ್ದ ಹಾಗೆ ಮೇಲೆ ಕಾಗೆಗಳ ಸಭೆ ಸೇರಿತು. ಉದ್ಯಾವರದ್ದು ಅಷ್ಟೂ ಬಂದಿತ್ತು. ಆಚೆ ಊರು ಕೆಮ್ಮಣ್ಣಿನಿಂದ ಹೊಳೆ ದಾಟಿ ಬಂದವೂ ಇದ್ದವು, ನಾನು ಮುಖ ನೋಡಿಯೇ ಹೇಳಬಲ್ಲೆ. ಮನೆಯಾಕೆ ಕೋಲು ಹಿಡಿದು ಓಡಿ ಹತ್ತಿದಳು. ಇಳಿದು ಬಂದಾಗ ಅವಳ ಕೈಯಲ್ಲಿ ಸಣ್ಣದೊಂದು ತಟ್ಟೆ.

ಬಹಳ ಸಮಾಧಾನದಲ್ಲಿ ಕೇಳಿದಳು. ಆ ಸಮಾಧಾನ ಎಂತದ್ದು ಅಂತ ನನಗೆ ಗೊತ್ತುಂಟು. "ಎಷ್ಟು ಬಣ್ಣ ಕಂಡಿತಪ್ಪ?"

"ಏಳು, ಅಮ್ಮ," ಅಂದ ಹುಡುಗ ಉತ್ಸಾಹದಲ್ಲಿ.

"ಹಪ್ಪಳವೂ ಏಳೇ ಉಳಿದದ್ದು," ಅಂದಳು. "ನಿಮ್ಮ ಮಾಷ್ಟ್ರಿಗೆ ಇನ್ನು ಮಳೆಗಾಲ ಪೂರ್ತಿ ಬಣ್ಣ ಹುರಿದು ಬಡಿಸ್ತೇನೆ."

ಗ್ರಹಣ

ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂತು. ಬರೆಯುವ ಪರೀಕ್ಷೆಯ ಜೊತೆ ಒಂದು ಮಾಡೆಲ್ ಮಾಡಿ, ವೈವಾದಲ್ಲಿ ಅದರ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಬೇಕಿತ್ತು. ಅದು ಹೋದರೆ ಗೋಡೌನೇ ಗತಿ. ಹುಡುಗ ಮಣಿಪಾಲದ ಒಬ್ಬ ಗುಜರಿಯವನ ಹತ್ತಿರದಿಂದ ಒಂದು ಹಳೇ ದೊಡ್ಡ ಡಿಶ್ ಟೆಂಪೋದಲ್ಲಿ ಹಾಕಿ ತಂದ. ಹಿಂದೆ ಕೇಬಲ್‌ನವರ ಮನೆ ಮಾಡಿನ ಮೇಲೆ ಇರ್ತಿತ್ತಲ್ಲ, ಅದು. ಒಂದು ಮದುವೆಗೆ ಆಗುವಷ್ಟು ಪಾಯಸ ಕಾಯಿಸಬಹುದು ಅದರಲ್ಲಿ. ಒಳಗೆ ಕನ್ನಡಿಯಂಥ ಸ್ಟಿಕ್ಕರ್ ಅಂಟಿಸಿ, ನಮ್ಮ ತಾರಸಿಯಲ್ಲಿ ಆಕಾಶಕ್ಕೆ ಮುಖ ಮಾಡಿ ಅಂಗಾತ ಮಲಗಿಸಿದ. ಬಿಸಿಲನ್ನು ಒಂದು ಕಡೆ ಸೇರಿಸಿ ಚಹಾ ಕಾಯಿಸುವ ಒಲೆ ಅಂತೆ.

ಇಲ್ಲಿ ನಮ್ಮ ಭಟ್ರ ವಿಷಯ ಹೇಳಬೇಕು. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರುವ ಅರ್ಚಕರು. ಮಡಿ ಅಂದರೆ ಅಂಥಿಂಥ ಮಡಿ ಅಲ್ಲ. ಬೆಳಿಗ್ಗೆ ಪಂಚೆ ಒಗೆದು, ತಾರಸಿಯಲ್ಲಿ ಎತ್ತರಕ್ಕೆ ಕಟ್ಟಿದ ಹಗ್ಗಕ್ಕೆ ಕೋಲಿನಿಂದ ಹಾಕ್ತಾರೆ. ಮಧ್ಯಾಹ್ನದ ಪೂಜೆಗೆ ಸ್ನಾನ ಮಾಡಿ ಅವರೇ ಬಂದು ತೆಗೆಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಗಾಳಿ ಕೂಡ ಸ್ವಲ್ಪ ಸರಿದು ಬೀಸ್ತದೆ.

ನಡು ಮಧ್ಯಾಹ್ನ. ನಾನು ಟ್ಯಾಂಕಿಯ ನೆರಳಲ್ಲಿ ಕೂತಿದ್ದೆ. ಹುಡುಗ ಡಿಶ್ಶಿನ ಮೇಲೆ ಒಂದು ಕಾಗದ ಹಿಡಿದು ಹಿಂದೆ ಮುಂದೆ ಮಾಡ್ತಿದ್ದ. "ಸರ್, ಫೋಕಸ್ ಸಿಗ್ತಾ ಇಲ್ಲ."

"ಹುಡುಕು, ಎಲ್ಲಿಯಾದರೂ ಇರ್ತದೆ," ಅಂದೆ.

ಇತ್ತು. ಹಗ್ಗದಿಂದ ಜೋತುಬಿದ್ದ ಭಟ್ರ ಪಂಚೆಯ ಅಂಚಿನಲ್ಲಿ ಇತ್ತು. ಕರಟಿದ ವಾಸನೆ ಬಂತು. ತಲೆ ಎತ್ತಿದರೆ ಪಂಚೆ ಊದುಬತ್ತಿಯ ಹಾಗೆ ಹೊಗೆ ಬಿಡ್ತಾ ಉಂಟು. ಹುಡುಗ ಕೈ ಚಾಚಿದ. ಸರಿಯಾಗಿ ಅದೇ ಹೊತ್ತಿಗೆ ಮೆಟ್ಟಿಲಲ್ಲಿ ಒದ್ದೆ ಮೈಯ ಭಟ್ರು.

"ಮುಟ್ಟಬೇಡ! ಮಡಿ!"

"ಭಟ್ರೇ, ಸುಡ್ತಾ ಉಂಟು!"

"ಸುಡ್ಲಿ, ಮುಟ್ಟಬೇಡ!"

"ನೀರು ಹಾಕ್ಲಾ?"

"ಯಾವ ನೀರು?"

"ಟ್ಯಾಂಕಿದು."

"ಟ್ಯಾಂಕಿದು ಆಗುದಿಲ್ಲ, ಬಾವಿದು ತಾ!"

"ಡಿಶ್ ತಿರುಗಿಸು ಮಾರಾಯ!" ಅಂತ ನಾನು ಗಂಟಲು ಹರಿದುಕೊಂಡೆ. ಹುಡುಗ ಅಷ್ಟರಲ್ಲಿ ಟೇಪು ಬಿಡಿಸಿ ಡಿಶ್ಶಿನಿಂದ ಹೊಗೆಯವರೆಗೆ ಅಳೆಯುತ್ತಿದ್ದ. "ಒಂದು ನಿಮಿಷ ಸರ್, ಈಗ ಬಿಟ್ಟರೆ ಪುನಃ ಸಿಗುದಿಲ್ಲ!"

ತಾವೇ ತೆಗೆಯಲಿಕ್ಕೆ ಅಂತ ಭಟ್ರು ಕೋಲು ಹಿಡಿದು ಮುಂದೆ ಬಂದರು. ಡಿಶ್ಶಿನ ಒಳಗೆ ಕಣ್ಣು ಬಿತ್ತು. ಅಲ್ಲೇ ನಿಂತರು.

"ಮಾಷ್ಟ್ರೇ, ನಾನು ಯಾಕೆ ತಲೆ ಕೆಳಗೆ ಇದ್ದೇನೆ?"

ಇಡೀ ಬೇಸಿಗೆ ನಾನು ಬಾಯಿ ಒಣಗಿಸಿ ಹೇಳಿದ್ದು ಹುಡುಗನ ತಲೆಗೆ ಆ ಗಳಿಗೆಯಲ್ಲಿ ಹೊಕ್ಕಿತು ನೋಡಿ. ಕಣ್ಣು ಹೊಳೆಯಿತು. "ಭಟ್ರೇ, ನೀವು ಫೋಕಸ್ಸಿನಿಂದ ಹೊರಗೆ ಇದ್ದೀರಿ, ಹಾಗಾಗಿ ತಲೆಕೆಳಗೆ! ಬಗ್ಗಿ, ಹತ್ತಿರ ಬನ್ನಿ, ನೆಟ್ಟಗಾಗ್ತೀರಿ!"

ಭಟ್ರು ಬಗ್ಗಿದರು. ನಿಜ, ನೆಟ್ಟಗಾದರು. ಮೂಗು ಬೂದುಕುಂಬಳದಷ್ಟು ದೊಡ್ಡದೂ ಆಯಿತು. ಅವರು ಬಗ್ಗಿದ್ದಕ್ಕೆ ಹೊಟ್ಟೆಯ ನೆರಳು ಇಡೀ ಡಿಶ್ಶಿನ ಮೇಲೆ ಬಿದ್ದು ಹೊಗೆಯೂ ನಿಂತಿತು.

"ಇದೇ ನೋಡು ಗ್ರಹಣ," ಅಂತ ನನ್ನ ಬಾಯಿಂದ ಹೊರಟುಹೋಯಿತು.

ಗ್ರಹಣ ಅಂದದ್ದೇ ತಡ, ಭಟ್ರು ಪುನಃ ಸ್ನಾನಕ್ಕೆ ಹೋದರು.

ವೈವಾ

ವೈವಾದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮನೆಯಾಕೆ ಕೂಡ ಹಪ್ಪಳದ ಸಿಟ್ಟು ಬಿಟ್ಟು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಸಂಜೆ ಹುಡುಗ ಫೋನ್ ಮಾಡಿ ಹೇಳಿದ್ದು ಇಷ್ಟು. ಪರೀಕ್ಷೆ ಮಾಡಲಿಕ್ಕೆ ಬಂದವರು ಡಿಶ್ ನೋಡಿ, "ನೇರವಾದ ಬಿಂಬ ಯಾವಾಗ ಬರ್ತದೆ?" ಅಂತ ಕೇಳಿದರಂತೆ.

"ಭಟ್ರು ಹತ್ತಿರ ಬಂದರೆ ನೆಟ್ಟಗೆ ಸರ್. ದೂರ ನಿಂತರೆ ತಲೆಕೆಳಗೆ."

"ಯಾವ ಭಟ್ರು?"

"ಒದ್ದೆ ಭಟ್ರು ಸರ್."

"ಫೋಕಲ್ ಲೆಂತ್ ಎಷ್ಟು?"

ಇವನು ಟೇಪಿನ ಅಳತೆ ಸರಿಯಾಗಿ ಹೇಳಿದ. ಹೇಗೆ ಕಂಡುಹಿಡಿದೆ ಅಂತ ಕೇಳಿದ್ದಕ್ಕೆ ಹೊಸ ಫೋನಿನಲ್ಲಿ ತೆಗೆದಿದ್ದ, ಅಂಚು ಕರಟಿದ ಪಂಚೆಯ ಫೋಟೋ ತೋರಿಸಿದ. ಈ ಸಲ ಹೆಬ್ಬೆರಳು ಅಡ್ಡ ಬಂದಿರಲಿಲ್ಲ.

ಪಾಸಾದ. ಅಪ್ಪ ಟಿಕೆಟಿನ ಮಾತು ನಿಲ್ಲಿಸಿದರು. ತಾಯಿ ಮಗ ಇಬ್ಬರೂ ಲಡ್ಡಿನ ಪೊಟ್ಟಣ, ಭಟ್ರಿಗೆ ಒಂದು ಹೊಸ ಪಂಚೆ ಹಿಡಿದುಕೊಂಡು ಬಂದರು. ಹುಡುಗ ಕಾಲಿಗೆ ಬಿದ್ದ. ನನಗೂ ಕಣ್ಣು ಸ್ವಲ್ಪ ಒದ್ದೆಯಾಯಿತು, ಸುಳ್ಳು ಹೇಳುದಿಲ್ಲ. ಭಟ್ರು ಪಂಚೆಯನ್ನು ಕೋಲಿನ ತುದಿಯಿಂದ ತೆಗೆದುಕೊಂಡು, ದೂರದಿಂದಲೇ ಆಶೀರ್ವಾದ ಮಾಡಿ ಕೆಳಗೆ ಇಳಿದರು. ಫ್ಯಾನಿನ ಅಡಿಯಲ್ಲಿ ಕೂತು ನಾವು ಲಡ್ಡು ತಿಂದೆವು. ಅಂತೂ ಮುಗಿಯಿತು ಅಂತ ನಾನು ಕಾಲು ಚಾಚಿದೆ.

ಹುಡುಗ ಗಂಟಲು ಸರಿಮಾಡಿಕೊಂಡ.

"ಸರ್, ಒಂದು ಸಣ್ಣ ಡೌಟು. ಮುಂದಿನ ಸೆಮಿಸ್ಟರಿಗೆ ಎಲೆಕ್ಟ್ರಿಕಲ್ ಉಂಟು. ಈ ಸಲವೂ ಪ್ರಾಕ್ಟಿಕಲ್ ನಿಮ್ಮ ಮನೆಯಲ್ಲೇ ಮಾಡುವಾ?"

ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಟಕ್ ಅಂತ ಶಬ್ದ ಬಂತು. ನಮ್ಮ ಫ್ಯಾನ್ ನಿಂತಿತು. ಭಟ್ರು ಇಡೀ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಅಡ್ಡವಾಗಿ ಹೊಸ ಮಡಿಪಂಚೆ ಹರಡಿ ಹಾಕಿದ್ದರು.

ಇನ್ನು ಅದನ್ನು ಮುಟ್ಟುವವರು ಯಾರು?